ಮಗ ಮಿಲಿಟರಿ ಅಕಾಡೆಮಿಗೆ ಹೋಗುತ್ತೇನೆ ಅಂದರೆ

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಏಳುವ ಮಾತು ಎರಡೇ. ಅಂಗಡಿಯಲ್ಲಿ ಕೂರಿಸುವುದೋ, ಪಾಸ್‌ಪೋರ್ಟ್ ಮಾಡಿಸುವುದೋ. ಕರಾವಳಿಯಿಂದ ಘಟ್ಟ ಹತ್ತಿ ಬಂದು ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಬೇಕರಿ, ಹೋಟೆಲು, ಬಟ್ಟೆ ಅಂಗಡಿ ಇಟ್ಟುಕೊಂಡ ಬ್ಯಾರಿ ಮನೆಗಳಿಗೂ ಊರಲ್ಲೇ ಉಳಿದವರಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಇದರ ನಡುವೆ ಹುಡುಗನೊಬ್ಬ "ನಾನು ಎನ್‌ಡಿಎ ಪರೀಕ್ಷೆ ಬರೆಯುತ್ತೇನೆ, ಮಿಲಿಟರಿ ಆಫೀಸರ್ ಆಗುತ್ತೇನೆ" ಅಂದರೆ ಮೊದಲು ಮನೆಯವರ ನಗು, ಆಮೇಲೆ ಉಮ್ಮನ ಕಣ್ಣೀರು, ಕೊನೆಗೆ ಬಾಪನ ತೀರ್ಮಾನ: "ಅದೆಲ್ಲ ನಮ್ಮಂಥವರಿಗೆ ಅಲ್ಲ." ಉಸ್ತಾದರೇ, ನೀವೇ ಅವನಿಗೆ ಸ್ವಲ್ಪ ಬುದ್ಧಿ ಹೇಳಿ ಎಂದು ಮದ್ರಸಕ್ಕೆ ಬರುವವರೂ ಇದ್ದಾರೆ. ಬುದ್ಧಿ ಹೇಳಬೇಕಾದ್ದು ಹುಡುಗನಿಗಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಇದು ಏನೆಂದು ತಿಳಿಯೋಣ. ಪುಣೆ ಹತ್ತಿರದ ಖಡಕ್ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ, ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಅಧಿಕಾರಿಗಳನ್ನು ತಯಾರು ಮಾಡುತ್ತದೆ. ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ಪುಣೆಯಲ್ಲಿ ಇಳಿಯಬಹುದು, ಅಷ್ಟೇ ದೂರ. ಪರೀಕ್ಷೆ ನಡೆಸುವುದು ಯುಪಿಎಸ್‌ಸಿ, ವರ್ಷಕ್ಕೆ ಎರಡು ಸಲ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನೊಳಗಿನ, ಮದುವೆಯಾಗದ ಹುಡುಗ ಹುಡುಗಿಯರು ಬರೆಯಬಹುದು. ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ಅರ್ಜಿ ಶುಲ್ಕ 100 ರೂಪಾಯಿ. ಹುಡುಗಿಯರಿಗೆ ಅದೂ ಇಲ್ಲ. ವೀಸಾ ಏಜೆಂಟನ ಕೈಗೆ ಕೊಡುವ ಹಣದ ಪಕ್ಕ ಈ ನೂರನ್ನು ಇಟ್ಟು ನೋಡಿ.

ಆಯ್ಕೆಯಾದರೆ ಮೂರು ವರ್ಷ ಅಲ್ಲಿ ಓದು ಮತ್ತು ತರಬೇತಿ, ಕೊನೆಗೆ ಜೆಎನ್‌ಯು ಪದವಿ. ಆಮೇಲೆ ಭೂಸೇನೆಯವರಿಗೆ ಡೆಹ್ರಾಡೂನ್, ನೌಕಾಪಡೆಯವರಿಗೆ ಕಣ್ಣೂರಿನ ಏಳಿಮಲ, ವಾಯುಪಡೆಯವರಿಗೆ ಹೈದರಾಬಾದ್ ಹತ್ತಿರದ ದುಂಡಿಗಲ್. ಆ ಕೊನೆಯ ಹಂತದಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಇದೆ. ತರಬೇತಿ, ಊಟ, ವಸತಿಯ ಖರ್ಚು ಸರಕಾರದ್ದು. ಕೈಖರ್ಚಿನ ದುಡ್ಡು ಮಾತ್ರ ಮನೆಯವರು ಕಳಿಸಬೇಕು, ಆದಾಯ ಕಡಿಮೆ ಇರುವವರಿಗೆ ಅದಕ್ಕೂ ನೆರವು ಉಂಟು. ಇಂಜಿನಿಯರಿಂಗ್ ಸೀಟಿಗೆಂದು ಜಾಗ ಮಾರುವ ನಮ್ಮವರು ಈ ಲೆಕ್ಕವನ್ನು ಯಾಕೆ ಮಾಡುವುದಿಲ್ಲ?

ನಮ್ಮಂಥವರಿಗೆ ಅಲ್ಲ ಎಂಬ ಮಾತಿಗೆ ಉತ್ತರ ದೂರ ಹುಡುಕಬೇಕಿಲ್ಲ. 1978ರಿಂದ 1981ರ ತನಕ ಭಾರತೀಯ ವಾಯುಪಡೆಯ ಮುಖ್ಯಸ್ಥರಾಗಿದ್ದ ಏರ್ ಚೀಫ್ ಮಾರ್ಷಲ್ ಇದ್ರಿಸ್ ಹಸನ್ ಲತೀಫ್ ಹುಟ್ಟಿದ್ದು 1923ರಲ್ಲಿ, ಹೈದರಾಬಾದಿನಲ್ಲಿ. ಆಗ ರಾಯಚೂರು, ಮಾನ್ವಿ, ದೇವದುರ್ಗ ಕೂಡ ಅದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರ ಜುಲೈ 3ರಂದು ಕಾಶ್ಮೀರದ ಝಾಂಗರ್‌ನಲ್ಲಿ ಹುತಾತ್ಮರಾದ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನರ ಕಬರ್ ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿದೆ. 2025ರ ಮೇ ತಿಂಗಳಲ್ಲಿ ದೇಶವೇ ಟಿವಿಯಲ್ಲಿ ನೋಡಿದ ಕರ್ನಲ್ ಸೋಫಿಯಾ ಖುರೇಷಿ ನಮ್ಮ ಕಣ್ಣೆದುರಿನವರೇ. ಇವರ ಹೆಸರನ್ನು ಭಾಷಣದಲ್ಲಿ ಹೇಳುತ್ತೇವೆ, ಚಪ್ಪಾಳೆ ಬೀಳುತ್ತದೆ. ಮನೆಗೆ ಹೋಗಿ ಮಗನಿಗೆ ಬೇಡ ಅನ್ನುತ್ತೇವೆ.

ಇನ್ನು ಬಾಪ–ಉಮ್ಮ ನಿಜವಾಗಿ ಮಾಡಬೇಕಾದ್ದು. ಕೆಲಸ ಶುರುವಾಗುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, ಪಿಯುಸಿ ಮುಗಿದ ಮೇಲಲ್ಲ. ಭೂಸೇನೆಯ ವಿಭಾಗಕ್ಕೆ ಯಾವ ವಿಷಯದ ಪಿಯುಸಿಯೂ ನಡೆಯುತ್ತದೆ. ವಾಯುಪಡೆ, ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕೇ ಬೇಕು. ಆದರೆ ಯಾರೇ ಬರೆದರೂ ಗಣಿತದ ಪತ್ರಿಕೆ ತಪ್ಪಿದ್ದಲ್ಲ: 300 ಅಂಕ, ಪಿಯುಸಿ ಮಟ್ಟದ ಲೆಕ್ಕ, ತಪ್ಪು ಉತ್ತರಕ್ಕೆ ಮೂರರಲ್ಲಿ ಒಂದು ಭಾಗ ಅಂಕ ಕಡಿತ. ಇನ್ನೊಂದು ಸಾಮಾನ್ಯ ಸಾಮರ್ಥ್ಯದ ಪತ್ರಿಕೆ 600 ಅಂಕದ್ದು, ಅದರಲ್ಲಿ ಇಂಗ್ಲಿಷಿಗೇ 200. ಲೆಕ್ಕ ಕಷ್ಟ ಎಂದು ಹದಿನಾರನೇ ವಯಸ್ಸಿಗೆ ಗಣಿತ ಬಿಡಿಸಿದ ಮನೆ, ಗೊತ್ತಿಲ್ಲದೆ ಈ ಬಾಗಿಲನ್ನೂ ಅರ್ಧ ಮುಚ್ಚಿರುತ್ತದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಮಾನ್ವಿ, ದೇವದುರ್ಗದ ಕನ್ನಡ ಮಾಧ್ಯಮದ ಹುಡುಗನಿಗೆ ಇದೇ ದೊಡ್ಡ ಗೋಡೆ, ಲೆಕ್ಕಕ್ಕಿಂತಲೂ ದೊಡ್ಡದು. ಮನೆಗೆ ದಿನಕ್ಕೊಂದು ಇಂಗ್ಲಿಷ್ ಪತ್ರಿಕೆ ತರಿಸಿ. ಓದಿದ್ದನ್ನು ರಾತ್ರಿ ಊಟದ ಹೊತ್ತಿಗೆ ಕನ್ನಡದಲ್ಲೋ ಬ್ಯಾರಿಯಲ್ಲೋ ಹೇಳಲಿ. ನಿಮಗೆ ಇಂಗ್ಲಿಷ್ ಬರಬೇಕೆಂದಿಲ್ಲ, ಕೇಳುವ ಕಿವಿ ಇದ್ದರೆ ಸಾಕು.

ಕಲ್ಯಾಣ ಕರ್ನಾಟಕದವರಾದ ನಮಗೆ 371(ಜೆ) ಎಂದರೆ ಒಂದು ಧೈರ್ಯ. ಈ ಪರೀಕ್ಷೆಗೆ ಅದು ಅನ್ವಯಿಸುವುದಿಲ್ಲ. ಎನ್‌ಡಿಎಗೆ ಜಾತಿ ಮೀಸಲಾತಿಯೂ ಇಲ್ಲ. ದೆಹಲಿಯ ಹುಡುಗನಿಗೂ ದೇವದುರ್ಗದ ಹುಡುಗನಿಗೂ ಒಂದೇ ಪ್ರಶ್ನೆ, ಒಂದೇ ಕಟ್ಟು. ಸುಮಾರು 400 ಸೀಟಿಗೆ ಲಕ್ಷಗಟ್ಟಲೆ ಮಕ್ಕಳು ಕೂರುತ್ತಾರೆ. ಸುಳ್ಳು ಆಸೆ ಹುಟ್ಟಿಸಲು ನಾವು ಇದನ್ನು ಬರೆಯುತ್ತಿಲ್ಲ, ಹೆಚ್ಚಿನವರಿಗೆ ಸಿಗುವುದಿಲ್ಲ. ಒಂದೇ ಸಲ ಬರೆದು ಬಿಡುವುದೂ ಬೇಡ, ಪದವಿ ಓದು ನಿಲ್ಲಿಸಿ ಇದಕ್ಕೇ ಕೂರುವುದೂ ಬೇಡ. ಪದವಿ ಮುಗಿಸಿದವನಿಗೆ ಸಿಡಿಎಸ್ ಎಂಬ ಇನ್ನೊಂದು ಪರೀಕ್ಷೆಯೂ ಉಂಟು.

ಹೆಸರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮಕ್ಕಳು ಮುಗ್ಗರಿಸುವುದು ಇಲ್ಲಿ. ಅಂಕಪಟ್ಟಿಯಲ್ಲಿ ಮುಹಮ್ಮದ್, ಆಧಾರಿನಲ್ಲಿ ಮೊಹಮ್ಮದ್, ಬ್ಯಾಂಕಿನಲ್ಲಿ ಎಂ.ಡಿ. ಬಾಪನ ಹೆಸರು ಒಂದು ಕಡೆ ಅಬೂಬಕ್ಕರ್, ಇನ್ನೊಂದು ಕಡೆ ಅಬ್ಬು ಬ್ಯಾರಿ. ಶಾಲೆಗೆ ಬೇಗ ಸೇರಿಸಲು ಹುಟ್ಟಿದ ತಾರೀಖು ಎಂಟು ತಿಂಗಳು ಹಿಂದಕ್ಕೆ ಬರೆಸಿದವರೂ ಇದ್ದಾರೆ. ಯುಪಿಎಸ್‌ಸಿ ಹತ್ತನೇ ತರಗತಿಯ ಪ್ರಮಾಣಪತ್ರದ ತಾರೀಖನ್ನೇ ನಂಬುತ್ತದೆ, ಆಮೇಲೆ ಬದಲಾವಣೆ ಕೇಳಿದರೆ ಒಪ್ಪುವುದಿಲ್ಲ. ಆ ಎಂಟು ತಿಂಗಳು ಎಂದರೆ ಒಂದು ಪರೀಕ್ಷೆಯೇ ಕೈ ತಪ್ಪಿದ ಹಾಗೆ. ಮಗು ಒಂಬತ್ತನೇ ತರಗತಿಯಲ್ಲಿರುವಾಗಲೇ ಕಾಗದಗಳನ್ನು ಒಂದು ಚಾಪೆ ಮೇಲೆ ಹರಡಿ ನೋಡಿ. ಪರೀಕ್ಷಾ ಕೇಂದ್ರವೂ ಮೊದಲು ಅರ್ಜಿ ಹಾಕಿದವರಿಗೆ ಮೊದಲು. ಕೊನೆಯ ದಿನದ ತನಕ ಕಾದರೆ ಹೈದರಾಬಾದ್, ಧಾರವಾಡ ಬಿಟ್ಟು ಇನ್ನೆಲ್ಲಿಗೋ ಹೋಗಬೇಕಾದೀತು.

ಲಿಖಿತ ಪರೀಕ್ಷೆ ದಾಟಿದವರಿಗೆ ಎಸ್‌ಎಸ್‌ಬಿ ಸಂದರ್ಶನ, 900 ಅಂಕ. ಐದು ದಿನ ಅಲ್ಲೇ ಉಳಿಯಬೇಕು. ಬೆಂಗಳೂರಿನಲ್ಲಿ ಕೇಂದ್ರವಿದೆ, ವಾಯುಪಡೆಯದ್ದು ಮೈಸೂರಿನಲ್ಲಿ. ಮೊದಲ ಸಲ ಹೋಗುವವರಿಗೆ ರೈಲು ಖರ್ಚು ಕೊಡುತ್ತಾರೆ. ಮೊದಲ ದಿನದ ಪರೀಕ್ಷೆಯಲ್ಲಿ ಉಳಿಯದವರನ್ನು ಅಂದೇ ಮನೆಗೆ ಕಳಿಸುತ್ತಾರೆ. ಎರಡನೇ ದಿನ ಮನಃಶಾಸ್ತ್ರದ ಪರೀಕ್ಷೆ. ಅದರಲ್ಲಿ ಹುಡುಗ ತನ್ನ ಬಗ್ಗೆ ತಾನೇ ಬರೆಯಬೇಕು: ನಿನ್ನ ತಂದೆ ತಾಯಿಗೆ ನಿನ್ನ ಬಗ್ಗೆ ಏನಭಿಪ್ರಾಯ, ಶಿಕ್ಷಕರಿಗೆ ಏನು, ಗೆಳೆಯರಿಗೆ ಏನು. ಓದುಗ ಬಾಪಂದಿರೇ, ಇಲ್ಲಿ ಸ್ವಲ್ಪ ನಿಲ್ಲಿ. ಬೆಳಿಗ್ಗೆ ಅಂಗಡಿ ಬಾಗಿಲು ತೆರೆದು ರಾತ್ರಿ ಹತ್ತಕ್ಕೆ ಮನೆ ಸೇರುವ ನಿಮ್ಮ ಅಭಿಪ್ರಾಯ ಅವನಿಗೆ ಗೊತ್ತಿದೆಯೇ? ಗಲ್ಫಿನಿಂದ ಎರಡು ವರ್ಷಕ್ಕೊಮ್ಮೆ ಬರುವ ಬಾಪ ಮಗನ ಜೊತೆ ಫೋನಿನಲ್ಲಿ ಕೇಳುವುದು "ಓದುತ್ತಿದ್ದೀಯಾ? ಉಮ್ಮನಿಗೆ ಕೊಡು" ಇಷ್ಟೇ. ಸಂದರ್ಶನದಲ್ಲಿ ಅಧಿಕಾರಿ ಮನೆಯ ವಿಷಯವೇ ಕೇಳುತ್ತಾರೆ. ತಂದೆಯ ವ್ಯಾಪಾರ ಹೇಗೆ ನಡೆಯುತ್ತದೆ, ಮನೆಯಲ್ಲಿ ನಿನ್ನ ಜವಾಬ್ದಾರಿ ಏನು, ತಂಗಿ ಏನು ಓದುತ್ತಾಳೆ. ಬೇಕರಿಯ ಮೈದಾ ಎಲ್ಲಿಂದ ಬರುತ್ತದೆ, ಸಾಲ ಎಷ್ಟಿದೆ ಎಂದು ತಿಳಿದ ಹುಡುಗ ಅಲ್ಲಿ ತಡವರಿಸುವುದಿಲ್ಲ. ಇದನ್ನು ಯಾವ ಕೋಚಿಂಗ್ ಸೆಂಟರೂ ಕಲಿಸದು. ಸೀಟು ಕೊಡಿಸುತ್ತೇವೆ ಎನ್ನುವವರು ಸಿಕ್ಕರೆ ಹಣ ಕೊಡಬೇಡಿ. ಅಲ್ಲಿ ಹಾಗೆ ಸೀಟು ಕೊಡಿಸುವ ದಾರಿಯೇ ಇಲ್ಲ.

ದೇಹದ ತಯಾರಿ ದೊಡ್ಡ ವಿಷಯವಲ್ಲ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಯಾರೂ ಓಡಲಾರರು. ಸುಬಹಿ ನಮಾಝಿಗೆ ಎದ್ದ ಹುಡುಗ ಮತ್ತೆ ಹೊದ್ದು ಮಲಗದಿದ್ದರೆ ಅವನಿಗೆ ಒಂದು ಗಂಟೆ ಸಿಕ್ಕಿತು. ಕಣ್ಣು, ಕಿವಿ, ಹಲ್ಲು, ಪಾದ ಮಾತ್ರ ಮೊದಲೇ ಒಬ್ಬ ಡಾಕ್ಟರಿಗೆ ತೋರಿಸಿ.

ಈಗ ನಮ್ಮವರು ಪಿಸುಗುಡುವ ಪ್ರಶ್ನೆ, ದೀನಿನದ್ದು. ನೇರವಾಗಿಯೇ ಹೇಳೋಣ. ವಾಯುಪಡೆಯಲ್ಲಿ ಗಡ್ಡ ಬಿಡಲು ಅನುಮತಿ ಕೋರಿದ ಮುಸ್ಲಿಂ ಸಿಬ್ಬಂದಿಯ ಮನವಿಯನ್ನು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಒಪ್ಪಲಿಲ್ಲ. ಇದನ್ನು ಮುಚ್ಚಿಟ್ಟು ಹುಡುಗನನ್ನು ಕಳಿಸುವುದು ತಪ್ಪು, ಇದೊಂದನ್ನೇ ಹಿಡಿದು ದೀನು ಹೋಯಿತು ಎಂದು ಹೆದರಿಸುವುದೂ ತಪ್ಪು. ಭೂಸೇನೆಯಲ್ಲಿ ಧಾರ್ಮಿಕ ಶಿಕ್ಷಕರ ಹುದ್ದೆಗೆ ಮೌಲವಿಗಳನ್ನೂ ನೇಮಿಸುತ್ತಾರೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಪದವಿ ಇರುವ ಆಲಿಮರು ಅದನ್ನೂ ಗಮನಿಸಬಹುದು. ಹುಡುಗ ತನ್ನ ನಮಾಝನ್ನು ಹೇಗೆ ಉಳಿಸಿಕೊಳ್ಳುತ್ತಾನೆ ಎಂಬುದು ಮನೆಯಲ್ಲಿ, ಮದ್ರಸದಲ್ಲಿ ಏನು ಕಲಿತ ಎಂಬುದರ ಮೇಲೆ ಹೋಗುತ್ತದೆ. ಅದು ದುಬೈಯಲ್ಲೂ ಹಾಗೇ, ಬೆಂಗಳೂರಲ್ಲೂ ಹಾಗೇ.

ಹೆಣ್ಣುಮಕ್ಕಳ ಮಾತು ಬಿಟ್ಟರೆ ಅರ್ಧ ಮಾತು. 2021ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಎನ್‌ಡಿಎ ಪರೀಕ್ಷೆ ಹುಡುಗಿಯರಿಗೂ ತೆರೆಯಿತು. ಮೊದಲ ತಂಡದ 17 ಹುಡುಗಿಯರು 2025ರ ಮೇ 30ರಂದು ಅಲ್ಲಿಂದ ಹೊರಬಂದರು. ನಮ್ಮ ಹುಡುಗಿಯರು ಪಿಯುಸಿಯಲ್ಲಿ ಹುಡುಗರಿಗಿಂತ ಮುಂದಿದ್ದಾರೆ, ಇದನ್ನು ಯಾವ ಜಮಾಅತಿನ ಸನ್ಮಾನ ಸಭೆಯಲ್ಲೂ ನೋಡಬಹುದು. ತಲೆವಸ್ತ್ರದ ವಿಷಯ ಅವಳ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಅದನ್ನು ಅವಳೂ ಮನೆಯವರೂ ಅರ್ಜಿಗೆ ಮೊದಲು ಕೂತು ಮಾತಾಡಬೇಕು. ಅವಳು ಕೇಳುವ ಮುಂಚೆಯೇ ಇಲ್ಲ ಅನ್ನುವುದು ಮಾತಾಡಿದ ಹಾಗಲ್ಲ.

ಸಣ್ಣ ಮಕ್ಕಳಿರುವವರಿಗೆ ಒಂದು ಸುದ್ದಿ. 1963ರಿಂದ ಇರುವ ವಿಜಯಪುರದ ಸೈನಿಕ ಶಾಲೆ, ಕೊಡಗಿನ ಕೂಡಿಗೆಯ ಶಾಲೆ, ಎರಡಕ್ಕೂ ಆರನೇ ಮತ್ತು ಒಂಬತ್ತನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ. ಆರನೆಯದನ್ನು ಕನ್ನಡದಲ್ಲೇ ಬರೆಯಬಹುದು. ವಯಸ್ಸು ಹತ್ತರಿಂದ ಹನ್ನೆರಡು.

ಉಮ್ಮಂದಿರ ಭಯವನ್ನು ನಾವು ಹಗುರ ಮಾಡುವುದಿಲ್ಲ. ಅಕಾಡೆಮಿಗೆ ಸೇರುವಾಗ ತಂದೆ ಅಥವಾ ಪೋಷಕ ಒಂದು ಬಾಂಡಿಗೆ ಸಹಿ ಹಾಕಬೇಕು. ಹುಡುಗ ತಾನಾಗಿ ಅರ್ಧಕ್ಕೆ ಬಿಟ್ಟರೆ ತರಬೇತಿಯ ಖರ್ಚು ಕಟ್ಟಬೇಕಾಗುತ್ತದೆ, ತರಬೇತಿಯಲ್ಲಿ ಗಾಯವಾದರೆ ಪರಿಹಾರ ಕೇಳುವುದಿಲ್ಲ ಎಂದೂ ಬರೆದುಕೊಡಬೇಕು. ತರಬೇತಿಯಲ್ಲಿ ಅಂಗ ಊನವಾಗಿ ಮನೆಗೆ ಮರಳಿದ ಕೆಡೆಟ್‌ಗಳ ಕಷ್ಟವನ್ನು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಕೈಗೆತ್ತಿಕೊಂಡಿತು. ಆ ಕಾಗದವನ್ನು ಓದದೆ ಸಹಿ ಹಾಕಬೇಡಿ. ಓದಲು ಬಾರದಿದ್ದರೆ ಓದುವವರ ಹತ್ತಿರ ಒಯ್ದು, ಉಮ್ಮನ ಎದುರೇ ಓದಿಸಿ. ಅವಳು ಕೇಳಿ, ಅತ್ತು, ಆಮೇಲೆ ಹೂಂ ಅಂದರೆ ಆ ಹೂಂಗೆ ಬೆಲೆ ಉಂಟು. ಬಾಪ ಒಬ್ಬನೇ ಹೋಗಿ ಸಹಿ ಹಾಕಿ ಬಂದ ಮನೆಯಲ್ಲಿ ಹುಡುಗ ಮೊದಲ ರಜೆಗೆ ಬಂದಾಗಲೇ "ಇನ್ನು ಹೋಗಬೇಡ ಮೋನೆ" ಶುರುವಾಗುತ್ತದೆ.

ಕೊನೆಗೆ ಜಮಾಅತಿನವರಲ್ಲಿ ಒಂದು ಕೋರಿಕೆ. ಮದ್ರಸದ ಕೋಣೆಗಳು ಸಂಜೆ ಹೊತ್ತಿಗೆ ಬೀಗ ಹಾಕಿಕೊಂಡಿರುತ್ತವೆ. ಮಾನ್ವಿ, ದೇವದುರ್ಗದಿಂದ ರಾಯಚೂರಿಗೆ ಟ್ಯೂಶನ್ನಿಗೆ ಹೋಗಬೇಕಾದರೆ ಬಸ್ಸಿನಲ್ಲೇ ಹೋಗುತ್ತಾ ಬರುತ್ತಾ ಎರಡು ಗಂಟೆಗೂ ಹೆಚ್ಚು ಕಳೆಯುತ್ತದೆ. ಹುಡುಗರನ್ನು ಅಲ್ಲಿಗೆ ಓಡಿಸುವ ಬದಲು ಭಾನುವಾರ ಒಬ್ಬ ಲೆಕ್ಕದ ಲೆಕ್ಚರರನ್ನು ಇಲ್ಲಿಗೆ ಕರೆಸಿದರೆ ಖರ್ಚು ಅವರ ಬಸ್ ಚಾರ್ಜು, ಒಂದು ಹೊತ್ತಿನ ಊಟ, ಒಂದಿಷ್ಟು ಗೌರವಧನ. ಯಾವ ಜಾತಿಯ ಮಗು ಬಂದರೂ ಕೂರಲಿ. ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಈ ಶುಕ್ರವಾರವೇ ವಿಚಾರಿಸಿ.