ನೋಡೆ ತಗೊಳ್ತೀನಿ ಅಂದ್ರ ಆ ಪುಸ್ತಕ ಬರೂದ ಇಲ್ಲ

ಹೋದ ಸರ್ತೆ ನಾ ಅಮೆರಿಕಾಕ್ಕ ಮಗಳ ಮನಿಗೆ ಹೋದಾಗಿನ ಮಾತು. ಆಕಿ ಇರೂದು ಒಹಾಯೋ ರಾಜ್ಯದ ಕೊಲಂಬಸ್ ಊರಾಗ. ಅಲ್ಲೆ ಬುಧವಾರ ಬಂತಂದ್ರ ನನ್ನ ಮೊಮ್ಮಗಳಿಗೆ ಸಾಲಿ ಬಿಟ್ಟಕೂಡ್ಲೆ ಕಾಮಿಕ್ಸ್ ಅಂಗಡಿಗೆ ಹೋಗೂದು ಒಂದು ವ್ರತ ಇದ್ದಂಗ. ಆ ದೇಶದಾಗ ಹೊಸಾ ಕಾಮಿಕ್ಸ್ ಅಂಗಡಿಗೆ ಬರೂದು ಬುಧವಾರ. ಒಂದಿನ ನಾನೂ ಜೋಡಿ ಹೋದೆ. ಅಂಗಡಿಯಾಂವ ಆಕಿ ಹೆಸರು ಬರದಿಟ್ಟ ಡಬ್ಬಿಯೊಳಗಿಂದ ಎರಡು ಪುಸ್ತಕ ತಗದು ಕೊಟ್ಟಾ. ಆಮ್ಯಾಲೆ ಒಂದು ಪಟ್ಟಿ ಮುಂದ ಇಟ್ಟು, ಎರಡು ತಿಂಗಳ ಮ್ಯಾಲೆ ಬರೂ ಪುಸ್ತಕದಾಗ ನಿನಗ ಯಾವು ಬೇಕು, ಈಗ ಹೇಳು ಅಂದಾ.

ನನಗ ನಗು ಬಂತು. ಸೆರಗು ಬಿಚ್ಚಿ ನೋಡಲಾರದ ಸೀರಿ ತಗೊಳ್ಳೂ ಮಂದಿ ಅಲ್ಲ ನಾವು. ಬದ್ನಿಕಾಯಿ ಸುದ್ದಾ ತಿರುಗಿಸಿ ತಿರುಗಿಸಿ ನೋಡಿ ಹಾಕಸ್ಕೊಳ್ತೀವಿ. ಇನ್ನೂ ಅಚ್ಚಾಗಲಾರದ ಪುಸ್ತಕಕ್ಕ ಈ ಹುಡುಗಿ ಹೂಂ ಅಂತಾಳಲ್ಲ ಅಂತ ಮಗಳ ಮುಂದ ಅಂದೆ. ಆಕಿ ಕಾರು ನಡಸ್ಕೋತನ ಹೇಳಿದ್ಲು, “ಅವ್ವಾ, ಆಕಿ ಹೂಂ ಅಂದ್ರನ ಅದು ಅಚ್ಚಾಗೂದು.”

ಆ ಮಾತು ತಲ್ಯಾಗ ಕೂತು ಬಿಡ್ತು. ಇರೂ ಮೂರು ತಿಂಗಳು ಮಗಳನ್ನ, ಅಳಿಯನ್ನ ಕೇಳಿ ಕೇಳಿ ತಿಳ್ಕೊಂಡೆ. ನನ್ನ ಅಭಿಪ್ರಾಯ ಮೊದಲ ಹೇಳಿ ಬಿಡ್ತೀನಿ. ಸಣ್ಣವರು ಮಾಡಿದ ಪುಸ್ತಕ ಇರಲಿ, ಹಪ್ಪಳ ಇರಲಿ, ನಿಮಗ ಬೇಕಾಗಿದ್ರ ಬೇಕು ಅಂತ ಮೊದಲ ಹೇಳ್ರಿ, ಆದ್ರ ರೊಕ್ಕಾನೂ ಮೊದಲ ಕೊಡ್ರಿ. ಬಂದಮ್ಯಾಲೆ ನೋಡೋಣು ಅನ್ನೂದು ದೊಡ್ಡ ಕಂಪನಿ ಮಾಲಿಗೆ ಸರಿ. ಸಣ್ಣವರಿಗೆ ಅದು ‘ಬ್ಯಾಡ’ ಅಂದಂಗ.

ಕಾಮಿಕ್ಸ್ ಅಂದ್ರ ನಮಗ ಗೊತ್ತಿರೂದು ಬ್ಯಾಟ್‌ಮನ್, ಸ್ಪೈಡರ್‌ಮನ್. ಅವು ಡಿಸಿ, ಮಾರ್ವೆಲ್ ಅನ್ನೂ ಎರಡು ದೊಡ್ಡ ಮನಿತನದವು. ಅವನ್ನ ಬಿಟ್ಟು, ಗಂಡ ಹೆಂಡ್ತಿ ಕೂಡಿಯೋ ಇಬ್ಬರು ಗೆಳ್ಯಾರು ಕೂಡಿಯೋ ತಾವ ಬರದು, ತಾವ ಚಿತ್ರಾ ತಗದು, ತಾವ ಅಚ್ಚು ಹಾಕಸೂ ಸಣ್ಣ ಪ್ರಕಾಶಕರು ಭಾಳ ಮಂದಿ ಇದ್ದಾರ. 1978ರಾಗ ಶುರು ಆದ ‘ಎಲ್ಫ್‌ಕ್ವೆಸ್ಟ್’ ಹಂಗನ, ಹೆಂಡ್ತಿ ವೆಂಡಿ ಪೀನಿ ಚಿತ್ರಾ ತಗೀತಿದ್ಲು, ಗಂಡ ರಿಚರ್ಡ್ ವ್ಯವಹಾರ ನೋಡ್ತಿದ್ದಾ. 1984ರಾಗ ಇಬ್ಬರು ಹುಡುಗರು ಕೈಯಾಗಿನ ರೊಕ್ಕಕ್ಕ ಕಾಕಾನ ಕಡೆ ಇಸ್ಕೊಂಡ ಸಾಲಾ ಕೂಡಿಸಿ, ಸುಮಾರು 3000 ಪ್ರತಿ ಆಮಿ ಕಥಿ ಅಚ್ಚು ಹಾಕಿಸಿದ್ರು. ಅವ ಮುಂದ ನಿಂಜಾ ಟರ್ಟಲ್ಸ್ ಅಂತ ನಮ್ಮ ಹುಡುಗರ ಟಿಫಿನ್ ಡಬ್ಬಿ ಮ್ಯಾಲೂ ಬಂದು ಕೂತ್ವು.

ಈಗ ಆ ಪಟ್ಟಿ ವಿಷಯ. ಮೊದಲ ಅಲ್ಲೆ ಕಾಮಿಕ್ಸ್ ಪೇಪರ್ ಅಂಗಡಿಯಾಗ ಮಾರ್ತಿದ್ರು. ಉಳದದ್ದನ್ನ ಮುಖಪುಟ ಹರದು ವಾಪಸ್ ಕಳಿಸಿದ್ರ ರೊಕ್ಕ ತಿರುಗಿ ಬರ್ತಿತ್ತು. 1970ರ ದಶಕದಾಗ ಫಿಲ್ ಸೂಲಿಂಗ್ ಅಂತ ನ್ಯೂಯಾರ್ಕಿನ ಒಬ್ಬ ಸಾಲಿ ಮಾಸ್ತರು ಬ್ಯಾರೆ ದಾರಿ ತಗದ್ರು. ಅಂಗಡಿಯವರಿಗೆ ಬೆಲೆಯೊಳಗ ಹೆಚ್ಚಿಗಿ ಸೋಡಿ ಕೊಡೂದು, ಆದ್ರ ಉಳದದ್ದು ವಾಪಸ್ ಇಲ್ಲ. ಇದರಿಂದ ಸಣ್ಣ ಪ್ರಕಾಶಕರು ಬದುಕಿದ್ರು, ಯಾಕಂದ್ರ ಎಷ್ಟು ಬೇಡಿಕಿ ಬಂದದ ಅಷ್ಟ ಅಚ್ಚು ಹಾಕಿಸಬಹುದು. ಆದ್ರ ಭಾರ ಎಲ್ಲಾ ಅಂಗಡಿಯವನ ತಲಿಮ್ಯಾಲೆ ಬಂತು. ಹೆಸರು ಕೇಳಲಾರದ ಪುಸ್ತಕ ಹತ್ತು ತರಿಸಿ, ಎಂಟು ಉಳದ್ರ ಅವನ ಗತಿ ಏನು? ಅದಕ್ಕ ಅಂವ ಮೊದಲ ಗಿರಾಕಿಗೆ ಕೇಳ್ತಾನ. ಗಿರಾಕಿ ಬೇಕು ಅನ್ನಲಿಲ್ಲಂದ್ರ ಒಂದೂ ತರಸೂದಿಲ್ಲ. ಇಂಥಾ ನೂರಾರು ಅಂಗಡಿ ತರಸಲಿಲ್ಲಂದ್ರ ಪ್ರಕಾಶಕ ಅಚ್ಚಿಗೆ ಕೊಡೂದಿಲ್ಲ. ಅಷ್ಟ.

ನಾಕು ಡಾಲರಿನ ಪುಸ್ತಕಾ ಅಂದ್ರ ಅದರಾಗ ಪ್ರಕಾಶಕನ ಕೈಗೆ ಬರೂದು ಸುಮಾರು ಒಂದೂವರಿ ಡಾಲರು. ಕಾಗದಾ, ಅಚ್ಚು, ಚಿತ್ರಾ ತಗದವರ ಹೊಟ್ಟಿ, ಎಲ್ಲಾ ಅದರಾಗನ ನಡೀಬೇಕು. ಊರೂರಿಗೆ ಪುಸ್ತಕ ಮುಟ್ಟಸ್ತಿದ್ದ ಡೈಮಂಡ್ ಅನ್ನೂ ಕಂಪನಿಯವರು 2009ರಿಂದ, ಒಂದು ಪುಸ್ತಕಕ್ಕ 2500 ಡಾಲರಿನಷ್ಟು ಬೇಡಿಕಿ ಬರಲಿಲ್ಲಂದ್ರ ನಾವು ಎತ್ತೂದಿಲ್ಲ ಅಂತ ನಿಯಮಾ ಮಾಡಿದ್ರು. ಹಿಂಗಾಗಿ ಒಂದು ಹುಡುಗಿ ಪಟ್ಟಿಯಾಗ ಗುರ್ತು ಹಾಕೂದು ಸಣ್ಣ ಮಾತಲ್ಲ.

ನನ್ನ ಮೊಮ್ಮಗಳ ಜೀವ ಅಂದ್ರ ‘ಬೋನ್’. ಹೆಸರಿನಂಗ ಎಲುವಿನ ಆಕಾರದ ಮೂರು ಬೆಳ್ಳನ ಗೊಂಬಿಯಂಥಾ ಕಸಿನ್ ಅಣ್ಣತಮ್ಮಂದಿರು ಒಂದು ಕಣಿವಿಯಾಗ ದಾರಿ ತಪ್ಪಿ ಬರೂ ಕಥಿ. ಅದರಾಗೊಬ್ಬ ಅಜ್ಜಿ ಇದ್ದಾಳ, ಆಕಳಗಳ ಜೋಡಿ ಓಟದ ಪಂದ್ಯ ಓಡ್ತಾಳ! ಸೀರಿ ಎತ್ತಿ ಕಟ್ಟಿದ್ರ ನಮ್ಮ ಅಬಚಿನೂ ಓಡ್ಯಾಳು ಅಂತ ನಾವು ನಕ್ಕದ್ದ ನಕ್ಕದ್ದು. ಇದನ್ನ ಬರದು ಚಿತ್ರಾ ತಗದಾಂವ ಜೆಫ್ ಸ್ಮಿತ್, ಅದ ಕೊಲಂಬಸ್ ಊರಿನಾಂವ. 1991ರಾಗ ಕಪ್ಪು ಬಿಳುಪಿನಾಗ ಮೊದಲನೇ ಸಂಚಿಕಿ ತಾನ ಅಚ್ಚು ಹಾಕಿಸಿದಾ. ಪ್ರಕಾಶನದ ಹೆಸರು ಕಾರ್ಟೂನ್ ಬುಕ್ಸ್.

ಮಗಳು ಮುಂದಿನ ಮಾತು ಹೇಳಿದಾಗ ನನ್ನ ಕಿವಿ ನೆಟ್ಟಗಾದ್ವು. ಆ ಪ್ರಕಾಶನದ ವ್ಯವಹಾರ ಎಲ್ಲಾ ನೋಡಿದಾಕಿ ಅವನ ಹೆಂಡ್ತಿ ವಿಜಯಾ ಅಯ್ಯರ್. ಅಂವಗ ಚಿತ್ರಾನೂ ತಗೀಬೇಕು, ಅಚ್ಚಿನವರ ಜೋಡಿನೂ ಗುದ್ಯಾಡಬೇಕು ಅಂತಾದಾಗ ಆಕಿ ತನ್ನ ನೌಕರಿ ಬಿಟ್ಟು ಬಂದು ಲೆಕ್ಕಾ ಪತ್ರಾ ಕೈಯಾಗ ತಗೊಂಡ್ಲು. ಮಂದಿ ಚಿತ್ರಾ ನೋಡಿ ವಾಹ್ವಾ ಅಂತಾರ. ಎಷ್ಟು ಪ್ರತಿ ಅಚ್ಚು ಹಾಕಸಬೇಕು, ಯಾರ ರೊಕ್ಕ ಬರೂದದ, ಹಳೇ ಸಂಚಿಕಿ ಮತ್ತ ಅಚ್ಚು ಹಾಕಸೂದೋ ಬ್ಯಾಡೋ, ಇದನ್ನ ಯಾರು ನೋಡ್ತಾರ? ನಮಗ ಇದು ಹೊಸಾದಲ್ಲ ಬಿಡ್ರಿ. ಮನ್ಯಾಗ ಗಂಡಸರು ಹಾರ್ಮೋನಿಯಂ ನುಡಸ್ಕೋತ ಕೂತ್ರ ಹಾಲಿನವನ ಲೆಕ್ಕಾ ಯಾರಿಗೆ ಗೊತ್ತಿರ್ತದ ಅಂತ ನನಗೂ ಗೊತ್ತದ, ನಿಮಗೂ ಗೊತ್ತದ.

ಆ ಕಥಿ 13 ವರ್ಷ ನಡೀತು. 55 ಸಂಚಿಕಿ. 2004ರಾಗ ಮುಗದು, ಎಲ್ಲಾ ಕೂಡಿಸಿ 1300 ಪುಟದ ಮ್ಯಾಲಿನ ಒಂದು ದಪ್ಪ ಪುಸ್ತಕಾನೂ ಬಂತು. ಮರುವರ್ಷ ಸ್ಕೊಲ್ಯಾಸ್ಟಿಕ್ ಅನ್ನೂ ದೊಡ್ಡ ಮಕ್ಕಳ ಪುಸ್ತಕದ ಕಂಪನಿ ಅದನ್ನ ಬಣ್ಣದಾಗ ತಂತು, ಸಾಲಿಸಾಲಿಗೆ ಹೋತು. ಆದ್ರ ಕಥಿ ಹಕ್ಕು ಗಂಡ ಹೆಂಡ್ತಿ ಕೈಯಾಗನ ಇತ್ತು. ಆ 13 ವರ್ಷ ಅದನ್ನ ಹಿಡದು ನಿಲ್ಲಿಸಿದವರು ಯಾರು? ಪ್ರತಿ ಎರಡು ಮೂರು ತಿಂಗಳಿಗೊಮ್ಮೆ ‘ನನಗೊಂದು ತಗದಿಡ್ರಿ’ ಅಂತ ಅಂಗಡಿಯಾಗ ಹೆಸರು ಬರಿಸಿದ ಗಿರಾಕಿಗಳು. ಈಚೆಗೆ ಅದ ಜೆಫ್ ಸ್ಮಿತ್ ‘ಟೂಕಿ’ ಅಂತ ಪುಸ್ತಕಾ ಮಾಡುವಾಗ ಕಿಕ್‌ಸ್ಟಾರ್ಟರ್‌ನಾಗ ಓದವರಿಂದನ ಮುಂಗಡ ರೊಕ್ಕ ಕೂಡಿಸಿದ್ರು. ಇಷ್ಟು ಹೆಸರು ಮಾಡಿದವರೂ ಮೊದಲ ಕೇಳ್ತಾರ ನೋಡ್ರಿ.

ಇನ್ನ ನನ್ನ ಹೊಟ್ಟಿ ಉರಿಸಿದ ಸುದ್ದಿ. ಡೈಮಂಡ್ ಅಂದೆನಲ್ಲ, ಆ ಕಂಪನಿ ಒಂದು ಕಾಲಕ್ಕ ಆ ದೇಶದ ಕಾಮಿಕ್ಸ್ ಅಂಗಡಿಗೆಲ್ಲಾ ಹೆಚ್ಚು ಕಡಿಮಿ ತಾನೊಬ್ಬನ ಪುಸ್ತಕ ಮುಟ್ಟಸ್ತಿತ್ತು. 2020ರಾಗ ಡಿಸಿ ಬಿಟ್ಟು ಹೋತು, ಮರುವರ್ಷ ಮಾರ್ವೆಲ್ ಬ್ಯಾರೆ ಕಡೆ ಹೋತು. ದೊಡ್ಡವರು ಹೋದ್ರು, ಹೋಗಲಿಕ್ಕೆ ಜಾಗಾ ಇಲ್ಲದ ಸಣ್ಣವರು ಉಳದ್ರು. 2025ರ ಜನವರಿಯಾಗ ಡೈಮಂಡ್ ದಿವಾಳಿ ಅರ್ಜಿ ಹಾಕ್ತು. ಆವಾಗ ಅವರ ಗೋದಾಮಿನಾಗ ಸಣ್ಣ ಪ್ರಕಾಶಕರ ಪುಸ್ತಕ ರಾಶಿ ಬಿದ್ದಿದ್ವು. ಮಾರಿದ ಮ್ಯಾಲೆ ರೊಕ್ಕ ಕೊಡ್ತೀವಿ, ಅಲ್ಲಿತನಕಾ ಮಾಲು ನಿಮ್ಮದ ಅನ್ನೂ ಕರಾರು ಅದು. ದಿವಾಳಿ ಆದ ಮ್ಯಾಲೆ ಏನಂದ್ರು? ಈ ಮಾಲನ್ನೂ ಮಾರಿ ಸಾಲಗಾರರಿಗೆ ಕೊಡಲಿಕ್ಕೆ ಅಪ್ಪಣಿ ಕೊಡ್ರಿ ಅಂತ ಕೋರ್ಟಿಗೆ ಕೇಳಿದ್ರು! ಪ್ರಕಾಶಕರು ಕೂಡಿ ತಕರಾರು ಹಾಕಬೇಕಾತು. ಅಲ್ಲಿಯ ಕಾಯ್ದೆದಾಗ ಹಂಗ ಇಟ್ಟ ಮಾಲು ನನ್ನದು ಅಂತ ಮೊದಲ ಸರಕಾರದ ದಫ್ತರದಾಗ ಒಂದು ಕಾಗದಾ ದಾಖಲ ಮಾಡಿಟ್ಟಿರಬೇಕಂತ. ಹಾಡು ಕಟ್ಟಾವರು, ಚಿತ್ರಾ ತಗ್ಯಾವರು ಅಂಥಾ ಕಾಗದದ ಹೆಸರರ ಕೇಳಿರ್ತಾರೇನ್ರಿ?

ಕಾಯ್ದೆ ಏನರ ಅನ್ನಲಿ, ನನ್ನ ಮನಸ್ಸಿಗೆ ಇದು ಒಪ್ಪೂದಿಲ್ಲ. ನಿಮ್ಮ ಮನ್ಯಾಗ ನಾ ಪಾತೇಲಿ ಇಟ್ಟು ಹೋದ್ರ, ನಿಮ್ಮ ಸಾಲಕ್ಕ ನನ್ನ ಪಾತೇಲಿ ಹರಾಜು ಹಾಕೂದ?

ಇಷ್ಟ್ಯಾಕ ಸಿಟ್ಟು ಅಂದ್ರ ನನಗಾದದ್ದು ನಿಮಗ ಗೊತ್ತದ. ಐದಾರು ವರ್ಷದ ಹಿಂದ ನಾ ಗುರೆಳ್ಳ ಹಿಂಡಿ, ಶೇಂಗಾ ಹಿಂಡಿ, ಜ್ವಾಳದ ಹಪ್ಪಳ ಮಾಡಿ ಪ್ಯಾಕೆಟ್ ಕಟ್ಟಿ ಪ್ಯಾಟಿಯಾಗಿನ ಒಂದು ಅಂಗಡಿಗೆ ಇಡ್ತಿದ್ದೆ. ಅಂಗಡಿ ಹೆಸರು ಬ್ಯಾಡ. ಮಾರಿದಷ್ಟಕ್ಕ ರೊಕ್ಕ. ಒಂದು ಸ್ವಾಮಾರ ಹೋದ್ರ ಬಾಗಲಕ್ಕ ಸಾಲಾ ಕೊಟ್ಟವರ ಕೀಲಿ! ನನ್ನ ನಲವತ್ತು ಪ್ಯಾಕೆಟ್ ಒಳಗ. ಇವು ನನ್ನವು ರೀ ಅಂದ್ರ, ಚೀಟಿ ತೋರಿಸ್ರಿ ಅಂದ್ರು. ಬಾಯಿ ಮಾತಿನ ವ್ಯವಹಾರ, ಚೀಟಿ ಎಲ್ಲಿಂದ ಬರಬೇಕು? ಮೂರು ತಿಂಗಳ ಮ್ಯಾಲೆ ಬಾಗಲಾ ತಗದಾಗ ಹಿಂಡಿ ಎಣ್ಣಿ ಬಿಟ್ಟು ಹಳಸಿ ಹೋಗಿತ್ತು. ಆಮ್ಯಾಲೆ ಒಂದು ವರ್ಷ ನಾ ಹಿಂಡಿನ ಕುಟ್ಟಲಿಲ್ಲ. ರೊಕ್ಕ ಹೋದದ್ದಕ್ಕಲ್ಲ, ಮನಸ್ಸು ಮುರದಿತ್ತು. ಪುಸ್ತಕ ಮಾಡವರಿಗೂ ಹಂಗ ಆಗಿರ್ತದ. ಒಂದು ಗೋದಾಮು ಮುಚ್ಚಿದ್ರ ಮುಂದ ಬರಬೇಕಾದ ಪುಸ್ತಕ ಬರೂದ ಇಲ್ಲ, ಆದ್ರ ಬರಲಾರದ ಪುಸ್ತಕದ ಲೆಕ್ಕಾ ಯಾವ ಕೋರ್ಟಿನಾಗೂ ಬರೂದಿಲ್ಲ.

ನಮ್ಮ ವೈನಿ ಕೇಳ್ತಾರ, “ಮುಂಗಡ ಕೊಟ್ಟು, ಪುಸ್ತಕ ಬರಲಿಲ್ಲಂದ್ರ?” ಅಂತ. ಖರೇ ಅದ. ಕಿಕ್‌ಸ್ಟಾರ್ಟರ್‌ನಾಗ ರೊಕ್ಕ ತಗೊಂಡು ವರ್ಷಗಟ್ಟಲೆ ತಡಾ ಮಾಡವರಿದ್ದಾರ, ಕೊಡದನ ಹೋದವರೂ ಇದ್ದಾರ. ಅದಕ್ಕ ಗೊತ್ತಿಲ್ಲದವರಿಗೆ ದೊಡ್ಡ ರೊಕ್ಕ ಕೊಡಬ್ಯಾಡ್ರಿ. ಹಿಂದ ಏನು ಮಾಡ್ಯಾರ, ಹೇಳಿದ ಹೊತ್ತಿಗೆ ಮುಗಿಸ್ಯಾರೇನು ನೋಡ್ರಿ, ಒಂದು ಪುಸ್ತಕದ ರೊಕ್ಕ ಕೊಡ್ರಿ. ಅಂಗಡಿಯಾಗ ಹೆಸರು ಬರಿಸೂದಕ್ಕಂತೂ ಮೊದಲ ರೊಕ್ಕಾನೂ ಬೇಕಾಗಿಲ್ಲ, ಮಾತು ಸಾಕು. ಆದ್ರ ಬರಿಸಿದ ಮ್ಯಾಲೆ ಹೋಗಿ ತಗೋಬೇಕು. ನನ್ನ ಮೊಮ್ಮಗಳು ಜ್ವರಾ ಬಂದಾಗ ಸುದ್ದಾ ಅಪ್ಪನ್ನ ಅಂಗಡಿಗೆ ಕಳಿಸಿದ್ಲು, ‘ನಾ ಹೇಳೇನಿ, ಅವರು ತರಿಸ್ಯಾರ’ ಅಂತ. ಹತ್ತು ವರ್ಷದ ಹುಡುಗಿಗೆ ಇರೂ ಬುದ್ಧಿ, ಐದು ಡಜನ್ ಚಕ್ಕಲಿ ಹೇಳಿ ಹಬ್ಬದ ದಿನಾ ಫೋನ್ ಎತ್ತಲಾರದವರಿಗೆ ಇಲ್ಲ. ಯಾರಂತ ಹೇಳೂದಿಲ್ಲ.

ಇದೇನು ಅಮೆರಿಕಾದವರು ಕಲಿಸಬೇಕಾದ ಮಾತೂ ಅಲ್ಲ. ನಮ್ಮ ಕಡೆ ಗಳಗನಾಥರು ಕಾದಂಬರಿ ಬರದು, ಪುಸ್ತಕದ ಗಂಟು ಹೊತ್ಕೊಂಡು ಊರೂರು ತಿರುಗಿ ಮಾರಿದ್ರು. 1933ರಾಗ ಧಾರವಾಡದಾಗ ಜಿ.ಬಿ. ಜೋಶಿಯವರು ಶುರು ಮಾಡಿದ ಮನೋಹರ ಗ್ರಂಥಮಾಲಾ ಚಂದಾದಾರರನ್ನ ನಂಬಿ ನಡದದ್ದು. ವರ್ಷದ ಚಂದಾ ಕೊಟ್ಟವರಿಗೆ ಯಾವ ಪುಸ್ತಕ ಬರ್ತದ ಅಂತ ಮೊದಲ ಗೊತ್ತಿರತಿರಲಿಲ್ಲ, ಆದ್ರೂ ಕೊಟ್ರು. ಕೊಟ್ಟವರಿಂದನ ಕನ್ನಡಕ್ಕ ಅಷ್ಟು ಪುಸ್ತಕ ಬಂದ್ವು.

ಬೆಂಗಳೂರು, ಚೆನ್ನೈ ಕಡೆ ಈಗ ಹುಡುಗರು ಹುಡುಗ್ಯಾರು ತಮ್ಮ ರೊಕ್ಕದಾಗ ಕಾಮಿಕ್ಸ್ ಮಾಡ್ಲಿಕತ್ತಾರ, ನಮ್ಮ ಮೈದುನನ ಮಗಳೂ ಒಂದು ಮಾಡ್ಯಾಳ, ನಮ್ಮ ಅತ್ತಿಯವರು ಮಡಿ ಉಟ್ಟು ಬೆಕ್ಕಿನ ಹಿಂದ ಓಡೂದು. ಚಿತ್ರಾ ಆಗ್ಯಾವ, ಅಚ್ಚಾಗಬೇಕು. ಐವತ್ತು ಮಂದಿ ಹೆಸರು ಕೊಟ್ರ ಅಚ್ಚಿನವನ ಹಂತ್ಯಾಕ ಹೋಗ್ತೀನಿ ಅಂತಾಳ. ನಂದು ಎರಡು ಪ್ರತಿ ಹೇಳೇನಿ, ರೊಕ್ಕಾನೂ ಕೊಟ್ಟೇನಿ, ಚೀಟಿನೂ ಇಸ್ಕೊಂಡೇನಿ. ನಿಮ್ಮ ಹೆಸರು ಬರಿಸೂದಿದ್ರ ನನಗ ಫೋನ್ ಮಾಡ್ರಿ. ಹಿಂಡಿ ಬೇಕಾದವರೂ ಎಷ್ಟು ಕಿಲೋ ಅಂತ ಶನಿವಾರದೊಳಗ ಹೇಳ್ರಿ. ಅರ್ಧಾ ರೊಕ್ಕ ಮೊದಲ.