ಚೆನ್ನಮ್ಮನನ್ನು ‘ಚೆನಮ’ ಮಾಡಬೇಡಿ!

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಬೆಂಗಳೂರಿಗೆ ಬಂದು ಮೊಬೈಲ್ ಆ್ಯಪ್ ಕಟ್ಟಲು ಕಲಿಯುತ್ತಿರುವ ಗೆಳೆಯರೇ, ಇದೇನು ಬ್ರಹ್ಮವಿದ್ಯೆಯಲ್ಲ! ವೆಬ್ ಪುಟದ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬಂದರೆ ಸಾಕು. ಅಪಾಚೆ ಕಾರ್ಡೋವಾದಂಥ ಪುಕ್ಕಟೆ ಸಲಕರಣೆ ಅದನ್ನೇ ಆಂಡ್ರಾಯ್ಡ್‌ಗೂ ಐಫೋನಿಗೂ ಆ್ಯಪ್ ಮಾಡಿಕೊಡುತ್ತದೆ. (ಐಫೋನಿಗೆ ಮ್ಯಾಕ್ ಗಣಕ ಬೇಕು, ಆಂಡ್ರಾಯ್ಡ್‌ನಿಂದ ಶುರುಮಾಡಿ.)

ಆದರೆ ಸಿಗುವ ಪಾಠಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರದ ಅಳತೆಯವು. ಆ ಅಳತೆಗೇ ಬಟನ್ನಿನ ಎತ್ತರ ಬಿಗಿದರೆ ನಮ್ಮ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಕಿತ್ತೂರು ಹೋಗಿ ಕಿತೂರು, ಸವದತ್ತಿ ಹೋಗಿ ಸವದತಿ! ಇದು ಕನ್ನಡದ ತಪ್ಪೇ?

ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಿಗಿಂತ ಕಡಿಮೆ ಇಡಬೇಡಿ. ಬಟನ್ ಮಾತಿಗೆ ತಕ್ಕಂತೆ ಬೆಳೆಯಲಿ. ಹಳೆಯ ನುಡಿ ಫಾಂಟು ಬಿಟ್ಟು ಯೂನಿಕೋಡ್‌ನಲ್ಲಿ ಬರೆಯಿರಿ. ಮೊದಲ ಪರದೆಯನ್ನೇ ಕನ್ನಡದಲ್ಲಿ ಕಟ್ಟಿ, ಊರಿಗೆ ಹೋದಾಗ ಅವ್ವನ ಕೈಗೆ ಫೋನ್ ಕೊಟ್ಟು ಓದಿಸಿ ನೋಡಿ.