ನಮ್ಮ ಚಿತ್ರ, ಪರರ ಬೀಗದ ಕೈ

ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಬಳಗದ ಹಿರಿಯರೊಬ್ಬರನ್ನು ಸನ್ಮಾನಿಸಿದೆವು. ನಾಲ್ಕು ದಶಕಗಳ ಕಾಲ ದೆಹಲಿಯಲ್ಲಿದ್ದು, ನಮ್ಮ ಮಕ್ಕಳಿಗೆ ಭಾನುವಾರದ ಕನ್ನಡ ಪಾಠ ಹೇಳಿದವರು ಅವರು. ಅವರು ವೇದಿಕೆಯೇರಿದ್ದು ಅದೇ ಕಡೆಯ ಸಲ. ಸ್ಮರಣ ಸಂಚಿಕೆಗಾಗಿ ಅಂದಿನ ಚಿತ್ರಗಳನ್ನು ಹುಡುಕಿದಾಗ ಕಡತಗಳು ಸಿಕ್ಕವು, ಚಿತ್ರ ಸಿಗಲಿಲ್ಲ. ಚಿತ್ರ ತೆಗೆದ ಮಿತ್ರರು ವರ್ಗವಾಗಿ ಹೋಗುವ ಮುನ್ನ ಹೊಸ ಕ್ಯಾಮೆರಾದ ‘ರಾ’ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ತುಂಬಿಕೊಟ್ಟಿದ್ದರು. ನಾವು ಹಣ ತೆತ್ತು ಕೊಂಡಿದ್ದ ತಂತ್ರಾಂಶ ಅವುಗಳನ್ನು ಗುರುತಿಸಲು ನಿರಾಕರಿಸಿತು.

‘ರಾ’ ಕಡತವೆಂದರೆ ಸಿದ್ಧವಾದ ಚಿತ್ರವಲ್ಲ. ಅಡುಗೆಗೆ ಮುನ್ನ ಹೆಚ್ಚಿಟ್ಟ ತರಕಾರಿಯಿದ್ದಂತೆ. ಸಂವೇದಕದ ಪ್ರತಿ ಬಿಂದುವೂ ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ತಂತ್ರಾಂಶವು ನೆರೆಯ ಬಿಂದುಗಳಿಂದ ಲೆಕ್ಕಹಾಕಿ ತುಂಬಬೇಕು. ಜೆಪೆಗ್ ಚಿತ್ರ ಪ್ರತಿ ಬಣ್ಣಕ್ಕೆ 256 ಹಂತಗಳನ್ನು ಹಿಡಿದಿಟ್ಟರೆ, 14 ಬಿಟ್‌ನ ‘ರಾ’ ಕಡತದಲ್ಲಿ 16,384 ಹಂತಗಳಿಗೆ ಎಡೆಯಿದೆ. ಮಂದ ಬೆಳಕಿನ ಸಭಾಂಗಣದಲ್ಲಿ ತೆಗೆದ ಮುಖವೊಂದನ್ನು ನೆರಳಿನಿಂದ ಮೇಲೆತ್ತಲು ಸಾಧ್ಯವಾಗುವುದು ಇದರಿಂದಲೇ.

ತೊಡಕಿರುವುದು ಕಡತದ ರಚನೆಯಲ್ಲಿ. ಕ್ಯಾನನ್‌ಗೆ ಒಂದು ಬಗೆ, ನಿಕಾನ್‌ಗೆ ಇನ್ನೊಂದು, ಸೋನಿಗೆ ಮತ್ತೊಂದು. 2018ರಲ್ಲಿ ಕ್ಯಾನನ್ ಸಿಆರ್2 ಬಿಟ್ಟು ಸಿಆರ್3ಕ್ಕೆ ಹೊರಳತೊಡಗಿತು. ಕಡತದ ಹೆಸರಿನ ಬಾಲ ಒಂದೇ ಇದ್ದರೂ ಹೊಸ ಮಾದರಿಯ ಒಳವಿವರ ಬೇರೆಯಾಗಬಹುದು. ತಂತ್ರಾಂಶದವರು ಪ್ರತಿ ಹೊಸ ಕ್ಯಾಮೆರಾವನ್ನೂ ತಮ್ಮ ಪಟ್ಟಿಗೆ ಸೇರಿಸಬೇಕು. ಹಳೆಯ ಆವೃತ್ತಿಗೆ ಆ ಉಪಚಾರ ನಿಂತುಹೋಗುತ್ತದೆ. 2005ರಲ್ಲಿ ನಿಕಾನ್ ತನ್ನ ಡಿ2ಎಕ್ಸ್ ಕ್ಯಾಮೆರಾದ ಕಡತದಲ್ಲಿ ವೈಟ್ ಬ್ಯಾಲೆನ್ಸ್ ಮಾಹಿತಿಯನ್ನು ಗೂಢಲಿಪಿಯಲ್ಲಿಟ್ಟಿದೆಯೆಂದು ದೊಡ್ಡ ವಿವಾದವೇ ಎದ್ದಿತ್ತು. ಚಿತ್ರ ತೆಗೆದವರು ನಾವು, ಕ್ಯಾಮೆರಾ ಕೊಂಡವರು ನಾವು. ಕಡತದ ಬೀಗದ ಕೈ ಮಾತ್ರ ಪರರ ಬಳಿ. ಇದು ನ್ಯಾಯವಲ್ಲವೆಂಬುದು ನಮ್ಮ ನಿಲುವು.

ಕನ್ನಡಿಗರಿಗೆ ಈ ಸಂಕಟ ಹೊಸದಲ್ಲ. ಯೂನಿಕೋಡ್‌ಗೆ ಮುನ್ನ ನುಡಿ, ಬರಹ, ಶ್ರೀಲಿಪಿಗಳಲ್ಲಿ ಬೆರಳಚ್ಚಿಸಿದ ಲೇಖನಗಳು ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತಿದ್ದುದನ್ನು ನಾವಾರೂ ಮರೆತಿಲ್ಲ. ಎಲ್ಲರೂ ಒಪ್ಪಿದ ಒಂದು ಸಂಕೇತ ಬಂದ ಮೇಲೆ ತಾನೇ ಮುಂಬಯಿಯ ಬರಹವನ್ನು ಚೆನ್ನೈಯವರು ತಡೆಯಿಲ್ಲದೆ ಓದುವಂತಾದುದು?

ಚಿತ್ರಗಳಿಗೂ ಅಂತಹ ದಾರಿಯಿದೆ. ಅಡೋಬಿ ಸಂಸ್ಥೆ 2004ರಲ್ಲಿ ಡಿಎನ್‌ಜಿ ಎಂಬ ಸ್ವರೂಪವನ್ನು ರೂಪಿಸಿ ಅದರ ವಿವರಗಳನ್ನು ಬಹಿರಂಗವಾಗಿ ಪ್ರಕಟಿಸಿತು. ಲೈಕಾ, ಪೆಂಟಾಕ್ಸ್‌ನಂಥವರು ಕ್ಯಾಮೆರಾದೊಳಗೇ ಅದನ್ನು ಅಳವಡಿಸಿದರು. ಇತರ ದೊಡ್ಡ ತಯಾರಕರು ಹೆಚ್ಚಾಗಿ ತಮ್ಮ ಸ್ವರೂಪಗಳನ್ನೇ ಉಳಿಸಿಕೊಂಡರು. ಹೊಸ ಸಂವೇದಕದ ಸೂಕ್ಷ್ಮಗಳು ಸಾರ್ವತ್ರಿಕ ಸ್ವರೂಪದಲ್ಲಿ ಹಿಡಿಯಲಾರವೆಂಬ ವಾದವೂ ಉಂಟು. ಅದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಸ್ವರೂಪ ತಮ್ಮದೇ ಇರಲಿ, ಅದರ ವಿವರಣೆಯನ್ನು ಪ್ರಕಟಿಸಲು ಅಡ್ಡಿಯೇನು? ಡೇವ್ ಕಾಫಿನ್ ಎಂಬ ಒಬ್ಬ ವ್ಯಕ್ತಿ 1997ರಿಂದ ವರ್ಷಗಟ್ಟಲೆ ಕುಳಿತು ನೂರಾರು ಕ್ಯಾಮೆರಾಗಳ ಕಡತಗಳನ್ನು ಬಿಡಿಸಿ, ಡಿಸಿರಾ ತಂತ್ರಾಂಶವನ್ನು ಎಲ್ಲರಿಗೂ ಕೊಟ್ಟರು. ತಯಾರಕರು ಒಂದು ಪುಟ ಬರೆದು ತಿಳಿಸಬಹುದಾದುದನ್ನು ಅವರು ಒಗಟಿನಂತೆ ಬಿಡಿಸಬೇಕಾಯಿತು.

ನಾವು ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆಯೇ ಬಾಳುವವರು. ದಾಖಲೆ ಕೋಣೆಯ ಹಳೆಯ ಕಡತವನ್ನು ಬಿಚ್ಚಲು ದಾರದ ಗಂಟು ಸಡಿಲಿಸಿದರೆ ಸಾಕು. ಕಾಗದ ಮಾಡಿದವನ ಅನುಮತಿ ಬೇಕಿಲ್ಲ. ಆದ್ದರಿಂದ ಹೊರನಾಡಿನ ಸಂಘಗಳಲ್ಲಿ ನಮ್ಮ ವಿನಂತಿಯಿಷ್ಟು: ಸಮಾರಂಭ ಮುಗಿದ ವಾರದೊಳಗೆ ಮೂಲ ‘ರಾ’ ಕಡತ, ಅದರ ಡಿಎನ್‌ಜಿ ಪ್ರತಿ, ಆಯ್ದ ಚಿತ್ರಗಳ ಜೆಪೆಗ್ ಪ್ರತಿ, ಈ ಮೂರನ್ನೂ ಎರಡು ಕಡೆ ಇರಿಸಿ. ಮೂಲವನ್ನು ಅಳಿಸಬೇಡಿ, ಪರಿವರ್ತನೆಯಲ್ಲಿ ಕೆಲವು ವಿವರಗಳು ಬಿಟ್ಟುಹೋಗಬಹುದು. ಕೊಳ್ಳುವ ಶಕ್ತಿಯಿಲ್ಲದಿದ್ದರೆ ಡಾರ್ಕ್‌ಟೇಬಲ್, ರಾಥೆರಪಿಯಂಥ ಉಚಿತ ಮುಕ್ತ ತಂತ್ರಾಂಶಗಳಿವೆ. ಹೊಸ ಕ್ಯಾಮೆರಾ ಕೊಳ್ಳುವ ಮುನ್ನ ನಮ್ಮಲ್ಲಿರುವ ತಂತ್ರಾಂಶ ಅದನ್ನು ಬಲ್ಲುದೇ ಎಂದು ವಿಚಾರಿಸಿ.

ಆ ಮಿತ್ರರು ದೂರವಾಣಿಯಲ್ಲಿ ದಾರಿ ಹೇಳಿಕೊಟ್ಟ ಮೇಲೆ, ಉಚಿತ ಪರಿವರ್ತಕವೊಂದರ ನೆರವಿನಿಂದ ನಮ್ಮ ಕಡತಗಳೂ ತೆರೆದವು. ಶಾಲು ಹೊದ್ದು, ಯಾರದೋ ಮಾತಿಗೆ ಬಾಯ್ತುಂಬ ನಗುತ್ತಿರುವ ಚಿತ್ರವೊಂದು ಅವುಗಳಲ್ಲಿತ್ತು. ಅಷ್ಟರಲ್ಲಿ ಸಂಚಿಕೆ ಅಚ್ಚಾಗಿ ಮೂರು ದಿನಗಳಾಗಿದ್ದವು. ಅದರಲ್ಲಿರುವುದು ಅವರ ಗುರುತಿನ ಚೀಟಿಯ ಹಳೆಯ ಚಿತ್ರ.